ಯಾರ ದಂಡು, ಯಾರ ಡೋಲು

ಯುದ್ಧದ ಚರಿತ್ರೆ ಬರೆದವರು ರಾಜನ ಹೆಸರು ಬರೆದರು, ಸೇನಾಪತಿಯ ಹೆಸರು ಬರೆದರು, ಕೆಲವು ಕಡೆ ಅವನ ಕುದುರೆಯ ಹೆಸರನ್ನೂ ಬರೆದರು. ಆ ದಂಡಿನ ಮುಂದೆ ಡೋಲು ಬಡಿದುಕೊಂಡು ಹೋದವನ ಹೆಸರನ್ನು ಮಾತ್ರ ಬರೆಯಲಿಲ್ಲ. ಇದು ಬರೀ ಮರೆವು ಅಂತ ನಾವು ನಂಬಬೇಕಾಗಿಲ್ಲ. ಕುದುರೆಯ ಹೆಸರು ನೆನಪಿದ್ದವರಿಗೆ ಮನುಷ್ಯನ ಹೆಸರು ಮರೆತದ್ದು ಹೇಗೆ?

ಅಕ್ಷರ ನಮ್ಮ ಮನೆಗಳ ಹೊಸಿಲು ದಾಟಿದ್ದು ಮೊನ್ನೆ ಮೊನ್ನೆ. ಹಾಗೆ ದಾಟಿ ಬಂದ ಅಕ್ಷರವನ್ನು ಹಿಡಿದುಕೊಂಡು ನಾವು ಹುಡುಕಬೇಕಾದ್ದು ಅರಮನೆಗಳ ವಂಶಾವಳಿಯನ್ನಲ್ಲ, ಇಂಥ ಹೆಸರಿಲ್ಲದವರನ್ನು. ಈ ಲೇಖನದಲ್ಲಿ ನಾವು ಒಬ್ಬ ಬ್ರಿಟಿಷ್ ಬ್ಯಾಂಡ್ ಮೇಷ್ಟ್ರ ಕತೆ ಹೇಳುತ್ತೇವೆ. ನಮಗೂ ಅವನಿಗೂ ಏನು ಸಂಬಂಧ ಅಂತ ಕೇಳುವ ಗೆಳೆಯರು ಕೊನೇತನಕ ಓದಬೇಕು.

1

ಮಂಗಳೂರಿನಿಂದಲೇ ಶುರು ಮಾಡೋಣ. 1783ರ ಮಾರ್ಚಿಯಲ್ಲಿ ಇಂಗ್ಲಿಷರು ಮಂಗಳೂರಿನ ಕೋಟೆ ಹಿಡಿದರು. ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ದಂಡು ಸಮೇತ ಬಂದು ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಪ್‌ಬೆಲ್, ಅವನ ಕೈಕೆಳಗೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಸೋಲ್ಜರರು, ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯ ಬೊಂಬಾಯಿ ಸಿಪಾಯಿಗಳು. ತುಳುನಾಡಿನ ಮಳೆಗಾಲ ಪೂರ್ತಿ ಅವರು ಆ ಕೋಟೆಯೊಳಗೆ ಕೊಳೆತರು. ಗುಂಡಿಗಿಂತ ಹೆಚ್ಚಾಗಿ ಹಸಿವು ಕೊಂದಿತು, ಒಸಡಿನಲ್ಲಿ ರಕ್ತ ಬರಿಸುವ ಸ್ಕರ್ವಿ ಕೊಂದಿತು. 1784ರ ಜನವರಿ 30ರಂದು ಕೋಟೆ ಬಿಟ್ಟುಕೊಟ್ಟರು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬೋಳೂರಿನಲ್ಲಿ ಗುರುಪುರ ಹೊಳೆಯ ದಡದಲ್ಲಿ ಇವತ್ತಿಗೂ ನಿಂತಿರುವ ಸುಲ್ತಾನ್ ಬತ್ತೇರಿ ಆ ಕಾಲದ್ದೇ.

ಆ ಗುಡ್ಡಗಾಡಿನವರ ಪಲ್ಟನ್ನು ಮುಂದೆ 73ನೇ ರೆಜಿಮೆಂಟಾಗಿ, 1881ರಲ್ಲಿ ಬ್ಲ್ಯಾಕ್ ವಾಚ್ ಎಂಬ ರೆಜಿಮೆಂಟಿನೊಳಗೆ ಸೇರಿತು. ಅದರ ಯುದ್ಧ ಗೌರವಗಳ ಪಟ್ಟಿಯಲ್ಲಿ ನಮ್ಮ ಮಂಗಳೂರಿನ ಹೆಸರಿದೆ. ಬೊಂಬಾಯಿ ಗ್ರೆನೆಡಿಯರುಗಳಿಗೂ ಆ ಗೌರವ ಸಿಕ್ಕಿತು. ಕೋಟೆ ಬಿಟ್ಟುಕೊಟ್ಟ ಮುತ್ತಿಗೆಯೂ ಸಾಮ್ರಾಜ್ಯದ ಬಾವುಟದ ಮೇಲೆ ಬಂಗಾರದ ಅಕ್ಷರವಾಗುತ್ತದೆ. ಆದರೆ ಅಲ್ಲಿ ಹಸಿದು ಸತ್ತ ಸಿಪಾಯಿ ಯಾರು? ಬೊಂಬಾಯಿ ಸೇನೆಯಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ದ ಕಾಲ ಅದು. ಬಾವುಟಕ್ಕೆ ಊರಿನ ಹೆಸರು ಬೇಕಿತ್ತು, ಅವರ ಹೆಸರು ಬೇಕಿರಲಿಲ್ಲ.

ಆ ಕಾಲದ ದಂಡಿನಲ್ಲಿ ಡೋಲು ಅಂದರೆ ಮೋಜಲ್ಲ. ಗಡಿಯಾರವೂ ಅದೇ, ಅಪ್ಪಣೆಯೂ ಅದೇ. ಬೆಳಗ್ಗೆ ಏಳುವುದು ಡೋಲಿಗೆ, ನಡೆಯುವುದು ಡೋಲಿಗೆ, ಗುಂಡು ಹಾರಿಸುವುದು, ಹಿಂದೆ ಸರಿಯುವುದು, ರಾತ್ರಿ ದೀಪ ಆರಿಸುವುದು, ಎಲ್ಲಾ ಡೋಲಿಗೆ. ಶತ್ರುವಿನ ಹತ್ತಿರ ಸಂಧಾನಕ್ಕೆ ಬರುತ್ತೇವೆ ಅಂತ ಸಾರುವುದಕ್ಕೂ ಡೋಲೇ ಬೇಕು. ಬಂದೂಕಿನ ಸದ್ದಿನಲ್ಲಿ ಸಾಹೇಬನ ಗಂಟಲು ಕೇಳಿಸುವುದಿಲ್ಲ. ಕೇಳಿಸುವುದು ತೊಗಲಿನ ಸದ್ದು. ಹಾಗಾದರೆ ಆ ಡೋಲಿನವನಿಗೆ ದಂಡಿನಲ್ಲಿ ಎಂಥ ಮರ್ಯಾದೆ ಇರಬೇಕಿತ್ತು? ಇದ್ದದ್ದೇ ಬೇರೆ. ತಪ್ಪು ಮಾಡಿದ ಸೋಲ್ಜರನನ್ನು ಕಟ್ಟಿಹಾಕಿ ಒಂಬತ್ತು ಎಳೆಯ ಚಾವಟಿಯಿಂದ ಬೆನ್ನು ಸುಲಿಯುವ ಕೆಲಸವನ್ನು ಬ್ರಿಟಿಷ್ ದಂಡಿನಲ್ಲಿ ಡೋಲಿನವರ ಕೈಯಿಂದಲೇ ಮಾಡಿಸುತ್ತಿದ್ದರು. ಅಪ್ಪಣೆ ಸಾಹೇಬನದು, ಚಾವಟಿ ಡೋಲಿನವನ ಕೈಯಲ್ಲಿ. ಏಟು ತಿಂದವನ ಸಿಟ್ಟು ಯಾರ ಮೇಲೆ ಹೋಗುತ್ತದೆ? ಊರಿನ ಸಾವು, ಊರಿನ ಹೊಲಸು, ಊರಿನ ಪಾಪ ಎಲ್ಲವನ್ನೂ ಕೇರಿಯವನ ಕೈಯಿಂದ ಮಾಡಿಸಿ ಕೊನೆಗೆ ಅವನ ಕೈಯೇ ಹೊಲಸು ಅಂದ ವ್ಯವಸ್ಥೆಯನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಈ ಚಾವಟಿ ಶಿಕ್ಷೆ ಬ್ರಿಟಿಷ್ ಸೇನೆಯಲ್ಲಿ ನಿಂತದ್ದು 1881ರಲ್ಲಿ.

2

ಇನ್ನೊಂದು ಸಂಗತಿ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಇಂಗ್ಲಿಷ್ ಅಪ್ಪನಿಗೂ ಈ ನೆಲದ ತಾಯಿಗೂ ಹುಟ್ಟಿದ ಮಕ್ಕಳು ಕಂಪನಿಯ ಸೇನೆಯಲ್ಲಿ, ಕಚೇರಿಯಲ್ಲಿ ದೊಡ್ಡ ಹುದ್ದೆಗೆ ಬರುತ್ತಿದ್ದ ಕಾಲವೊಂದಿತ್ತು. 1791ರಲ್ಲಿ ಕಂಪನಿ ಆ ಬಾಗಿಲು ಮುಚ್ಚಿತು. 1795ರಲ್ಲಿ ಇನ್ನೊಂದು ಅಪ್ಪಣೆ ಬಂತು. ಅಪ್ಪ ಅಮ್ಮ ಇಬ್ಬರೂ ಯುರೋಪಿನವರಲ್ಲದಿದ್ದರೆ ಅಂಥವರು ಸೇನೆಯಲ್ಲಿ ಕೊಳಲು ಊದುವವರಾಗಿ, ಡೋಲು ಬಡಿಯುವವರಾಗಿ, ಬ್ಯಾಂಡಿನವರಾಗಿ, ಕುದುರೆಗೆ ಲಾಳ ಹೊಡೆಯುವವರಾಗಿ ಮಾತ್ರ ಇರಬಹುದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿರಿ. ಕೊಳಲು, ಡೋಲು, ಬ್ಯಾಂಡು, ಲಾಳ. ಸಮುದ್ರ ದಾಟಿ ಬಂದ ಬಿಳಿಯನಿಗೆ ಮನುಸ್ಮೃತಿಯನ್ನು ಯಾರೂ ಪಾಠ ಹೇಳಬೇಕಾಗಿರಲಿಲ್ಲ. ರಕ್ತ ನೋಡಿ ಕೆಲಸ ಹಂಚುವ ವಿದ್ಯೆ ಅವನಿಗೂ ಗೊತ್ತಿತ್ತು. ಮೇಲಿನವರಿಗೆ ಕತ್ತಿ, ಕೆಳಗಿನವರಿಗೆ ತೊಗಲು. ಎರಡು ಸಮಾಜದಿಂದಲೂ ಹೊರಗಾದವನಿಗೆ ಎರಡೂ ಸಮಾಜ ಕೊಟ್ಟ ಕೆಲಸ ಒಂದೇ: ಬಡಿ, ಊದು, ಮುಂದೆ ನಡಿ, ಊಟಕ್ಕೆ ಮಾತ್ರ ಹಿಂದೆ ಕೂರು.

3

ಈಗ ಆ ಬ್ಯಾಂಡ್ ಮೇಷ್ಟ್ರ ಕತೆ.

ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಬ್ರಿಟಿಷ್ ಪಲ್ಟನ್ನುಗಳ ಬ್ಯಾಂಡು ಆಫೀಸರರ ಖಾಸಗಿ ಶೋಕಿಯಾಗಿತ್ತು. ಅವರೇ ಕೈಯಿಂದ ದುಡ್ಡು ಹಾಕಿ ಜರ್ಮನಿಯಿಂದಲೋ ಇಟಲಿಯಿಂದಲೋ ಮೇಷ್ಟ್ರನ್ನು ಕರೆಸುತ್ತಿದ್ದರು. ಯುದ್ಧ ಬಂತೆಂದರೆ ಅಂಥ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟುತ್ತಿದ್ದರು. ಬೇರೆಯವರ ದೇಶಕ್ಕಾಗಿ ಅವರು ಯಾಕೆ ಸಾಯಬೇಕು? 1854ರಲ್ಲಿ ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ, ತುರ್ಕಿಯ ಸ್ಕುಟಾರಿಯಲ್ಲಿ ರಾಣಿಯ ಹುಟ್ಟುಹಬ್ಬದ ಕವಾಯತು ನಡೆಯಿತು. ಎಲ್ಲಾ ಬ್ಯಾಂಡುಗಳೂ ಒಟ್ಟಿಗೆ ರಾಣಿಯ ಸ್ತುತಿಗೀತೆ ಬಾರಿಸಬೇಕು. ಒಬ್ಬೊಬ್ಬರದು ಒಂದೊಂದು ಶ್ರುತಿ, ಒಂದೊಂದು ಪಾಠ. ಸಾಮ್ರಾಜ್ಯದ ಮಾನ ಬಯಲಿನಲ್ಲಿ ಅಪಸ್ವರವಾಗಿ ಹೋಯಿತು. ಅದಾದ ಮೇಲೆ 1857ರಲ್ಲಿ ಲಂಡನ್ನಿನ ಹತ್ತಿರ ನೆಲ್ಲರ್ ಹಾಲ್ ಎಂಬಲ್ಲಿ ಸೇನೆಯದೇ ಸಂಗೀತ ಶಾಲೆ ತೆರೆದರು. ನಮ್ಮಲ್ಲಿ ಸಿಪಾಯಿಗಳು ದಂಗೆಯೆದ್ದ ವರ್ಷವೂ ಅದೇ. ಆ ಶಾಲೆ 2021ರವರೆಗೆ ಅಲ್ಲಿ ನಡೆಯಿತು.

ಆ ಶಾಲೆ ಒಂದು ಕೆಲಸ ಮಾಡಿತು. ಬಡವರ ಮಕ್ಕಳಿಗೆ ಸ್ವರ ಬರೆಯುವುದನ್ನು, ಓದುವುದನ್ನು ಕಲಿಸಿತು. ಹಾಗೆ ಕಲಿತವರಲ್ಲಿ ಒಬ್ಬ ಫ್ರೆಡರಿಕ್ ಜೋಸೆಫ್ ರಿಕೆಟ್ಸ್. 1881ರಲ್ಲಿ ಲಂಡನ್ನಿನ ಪೂರ್ವದ ದುಡಿಯುವವರ ಕೇರಿಗಳಲ್ಲಿ ಒಂದಾದ ರ‍್ಯಾಟ್‌ಕ್ಲಿಫ್‌ನಲ್ಲಿ ಹುಟ್ಟಿದವನು. ಅಪ್ಪ ಇದ್ದಲು ಮಾರುತ್ತಿದ್ದವನು. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ, ಆಮೇಲೆ ತಾಯಿಯೂ ಹೋದಳು. 1895ರಲ್ಲಿ, ಹದಿನಾಲ್ಕು ವರ್ಷಕ್ಕೆ, ಅವನು ರಾಯಲ್ ಐರಿಷ್ ರೆಜಿಮೆಂಟಿನ ಬ್ಯಾಂಡಿಗೆ ಹುಡುಗನಾಗಿ ಸೇರಿದ. ಅನಾಥ ಹುಡುಗನಿಗೆ ಅನ್ನ ಬಟ್ಟೆ ಕೊಡುವ ಜಾಗ ಅದೊಂದೇ ಇತ್ತು ಅಂದರೂ ಆದೀತು. ಆ ಪಲ್ಟನ್ನಿನ ಜೊತೆ ಅವನು ಹಿಂದೂಸ್ತಾನಕ್ಕೂ ಬಂದ. ದಂಡು ಪ್ರದೇಶಗಳಲ್ಲಿ ಬಿಳಿಯರ ಸಂಜೆಗಳಿಗೆ ಬಾರಿಸುತ್ತಾ ವಾದ್ಯಗಳನ್ನು ಕಲಿತ. 1904ರಲ್ಲಿ ನೆಲ್ಲರ್ ಹಾಲ್ ಸೇರಿದ. 1908ರಲ್ಲಿ ಆರ್ಗೈಲ್ ಆ್ಯಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ರೆಜಿಮೆಂಟಿನ ಎರಡನೇ ಪಲ್ಟನ್ನಿಗೆ ಬ್ಯಾಂಡ್ ಮೇಷ್ಟ್ರಾದ.

1914ರಲ್ಲಿ, ಯುದ್ಧ ಶುರುವಾದ ವರ್ಷ, ಅವನ ಒಂದು ನಡಿಗೆ ಹಾಡು ಅಚ್ಚಾಯಿತು. ಹೆಸರು ಕರ್ನಲ್ ಬೋಗಿ. ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್ ಎಂಬ ಠಾಣೆಯ ಹತ್ತಿರ ಗಾಲ್ಫ್ ಆಡುತ್ತಿದ್ದ ಸಾಹೇಬನೊಬ್ಬ, ದಾರಿ ಬಿಡಿ ಎಂದು ಕೂಗುವ ಬದಲು ಎರಡು ಸ್ವರ ಶಿಳ್ಳೆ ಹಾಕುತ್ತಿದ್ದನಂತೆ. ಆ ಎರಡು ಸ್ವರವನ್ನು ಹಿಡಿದು ಮೇಷ್ಟ್ರು ಇಡೀ ಹಾಡು ಕಟ್ಟಿದ. ಹಾಡು ಲೋಕವೆಲ್ಲಾ ಸುತ್ತಿತು. ಆದರೆ ಅಚ್ಚಿನಲ್ಲಿ ಫ್ರೆಡರಿಕ್ ರಿಕೆಟ್ಸ್ ಎಂಬ ಹೆಸರು ಇರಲಿಲ್ಲ. ಸೇನೆಯಲ್ಲಿದ್ದವರು ಹೊರಗೆ ಹಾಡು ಮಾರಿ ದುಡಿಯುವುದನ್ನು ಮೇಲಿನವರು ಮೆಚ್ಚುತ್ತಿರಲಿಲ್ಲ. ಅದಕ್ಕೇ ಅವನು ಕೆನೆತ್ ಆಲ್ಫೋರ್ಡ್ ಎಂಬ ಕಳ್ಳ ಹೆಸರು ಇಟ್ಟುಕೊಂಡ. ಕೆನೆತ್ ಅವನ ಹಿರಿ ಮಗನ ಹೆಸರು. ಆಲ್ಫೋರ್ಡ್ ತನ್ನನ್ನು ಬೇಗ ಬಿಟ್ಟುಹೋದ ತಾಯಿಯ ತವರಿನ ಹೆಸರು. ಹೆಸರು ಮುಚ್ಚಿಟ್ಟುಕೊಳ್ಳಬೇಕಾಗಿ ಬಂದಾಗ ಮನುಷ್ಯ ತಾಯಿಯ ಕಡೆಗೇ ಹೋಗುತ್ತಾನೆ. ಪಟ್ಟಣಕ್ಕೆ ಬಂದು ಬಾಡಿಗೆ ಮನೆ ಹುಡುಕುವಾಗ ಹೆಸರು, ಕೇರಿ, ಊಟ ಎಲ್ಲವನ್ನೂ ಮುಚ್ಚಿಟ್ಟ ನಮ್ಮ ಹುಡುಗರಿಗೆ ಇದು ಅರ್ಥವಾಗುತ್ತದೆ.

4

ಯುದ್ಧ ಬಂದಾಗ ಬ್ಯಾಂಡಿನವರು ಏನು ಮಾಡುತ್ತಾರೆ? ಬ್ರಿಟಿಷ್ ಸೇನೆಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ವಾದ್ಯಗಳನ್ನು ಕಟ್ಟಿಡಬೇಕು, ಡೋಲಿಗಳನ್ನು ಹೊರಬೇಕು. ನಿನ್ನೆ ಕೊಳಲು ಹಿಡಿದ ಕೈಗಳು ಇವತ್ತು ಗಾಯಾಳುಗಳನ್ನು ಹೊತ್ತವು. ಹೆಣ ಎತ್ತುವ ಕೆಲಸವೂ ಕೊನೆಗೆ ಬಾರಿಸುವವನ ಪಾಲಿಗೇ ಬಂತು ನೋಡಿ.

ಮೇಷ್ಟ್ರು ಯುದ್ಧ ನಡೆಯುವಾಗಲೂ ಹಾಡು ಕಟ್ಟುತ್ತಲೇ ಇದ್ದ. 1917ರಲ್ಲಿ ಫಿರಂಗಿಗಳ ದನಿಯನ್ನೇ ಹೆಸರಾಗಿಟ್ಟು ಒಂದು ನಡಿಗೆ ಹಾಡು ಕಟ್ಟಿ ಫಿರಂಗಿ ಪಡೆಯನ್ನು ಹೊಗಳಿದ. ಯುದ್ಧದ ಕೊನೆಗೆ ಕಟ್ಟಿದ ಇನ್ನೊಂದರ ಹೆಸರು ಕಣ್ಮರೆಯಾದ ಸೇನೆ. ಮೊದಲ ತಿಂಗಳುಗಳಲ್ಲೇ ಮಣ್ಣಾಗಿಹೋದ ಹಳೆಯ ಪಲ್ಟನ್ನುಗಳ ನೆನಪಿಗೆ ಅದನ್ನು ಅರ್ಪಿಸಿದ. ಅವನದೇ ಪಲ್ಟನ್ನು 1914ರ ಆಗಸ್ಟಿನಲ್ಲಿ ಫ್ರಾನ್ಸಿಗೆ ಹೋಗಿ, ಲ ಕಾಟೋ ಎಂಬಲ್ಲಿ ಬಹಳ ಜನರನ್ನು ಕಳೆದುಕೊಂಡಿತ್ತು. ಒಂದು ಕಡೆ ಫಿರಂಗಿಯ ಸ್ತುತಿ, ಇನ್ನೊಂದು ಕಡೆ ಸತ್ತವರ ನೆನಪು. ಎರಡೂ ಒಂದೇ ಕೈಯಿಂದ. ಇದನ್ನು ಅವನ ಕಪಟ ಅಂತ ನಾವು ಹೇಳುವುದಿಲ್ಲ. ಸಂಬಳ ಕೊಟ್ಟವನ ತಾಳಕ್ಕೆ ಬಾರಿಸುವ ಕಲಾವಿದನ ಇಕ್ಕಟ್ಟು ಅದು. ಆದರೆ ಇಕ್ಕಟ್ಟು ಅಂತ ಹೇಳಿ ಬಿಟ್ಟುಬಿಡುವುದಕ್ಕೂ ಆಗುವುದಿಲ್ಲ. ಆ ಹಾಡಿಗೆ ಹೆಜ್ಜೆ ಹಾಕುತ್ತಾ ಹೋದವರು ಸಾವಿಗೆ ಹೋದರು. ಜನರ ಕಾಲುಗಳನ್ನು ಒಂದೇ ತಾಳಕ್ಕೆ ಕಟ್ಟಿ, ಯಾಕೆ ಹೋಗುತ್ತಿದ್ದೇವೆ ಎಂದು ಕೇಳದ ಹಾಗೆ ಮಾಡುವುದೇ ಸಾಮ್ರಾಜ್ಯಶಾಹಿಯ ಸಂಗೀತದ ಕೆಲಸ.

ಅದೇ ಯುದ್ಧ ಮಂಗಳೂರಿಗೆ ಬೇರೆ ವೇಷದಲ್ಲಿ ಬಂತು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ನಡೆಸಿಕೊಂಡಿದ್ದರು. 1914 ಬಂದದ್ದೇ ತಡ, ಅವರಲ್ಲಿದ್ದ ಜರ್ಮನರು ಶತ್ರುಗಳಾದರು. ಅವರನ್ನು ಸೆರೆಶಿಬಿರಕ್ಕೆ ಕಳಿಸಿದರು, ಗಡೀಪಾರು ಮಾಡಿದರು, ಕಾರ್ಖಾನೆಗಳು ಬ್ರಿಟಿಷರ ಕೈಗೆ ಹೋದವು. ಯಜಮಾನ ಬದಲಾದ. ಮಣ್ಣು ತುಳಿದು ಹೆಂಚು ಮಾಡುತ್ತಿದ್ದವರು ಮಾರನೇ ದಿನವೂ ಮಣ್ಣನ್ನೇ ತುಳಿದರು.

ಮೇಷ್ಟ್ರು 1927ರಲ್ಲಿ ರಾಯಲ್ ಮರೀನ್ಸ್ ಸೇರಿದ. ಎರಡನೇ ಮಹಾಯುದ್ಧದಲ್ಲೂ ಅವರ ಬ್ಯಾಂಡು ನಡೆಸಿದ. ಅಷ್ಟರಲ್ಲಿ ಅವನ ಹಳೆಯ ಪಲ್ಟನ್ನು, ಅದೇ ಎರಡನೇ ಆರ್ಗೈಲ್ಸ್, ಮಲಯಾದಲ್ಲಿ ಜಪಾನರ ಎದುರು ನುಚ್ಚುನೂರಾಯಿತು. 1942ರ ಜನವರಿ 31ರಂದು ಅಳಿದುಳಿದವರು ಬ್ಯಾಗ್‌ಪೈಪ್ ಊದಿಸಿಕೊಂಡು ಸಿಂಗಾಪುರದ ಸೇತುದಾರಿಯನ್ನು ದಾಟಿದರು. ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಅಲ್ಲಿ ಕಾದಿದ್ದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ಪಡೆಯೂ ಇತ್ತು, ಅದೂ ಸೆರೆಯಾಯಿತು. ಕನ್ನಡ ಮಾತಾಡುವವರು ಯಾರದೋ ಸಾಮ್ರಾಜ್ಯಕ್ಕಾಗಿ ಯಾರದೋ ಸೆರೆಯಲ್ಲಿ.

ಜಪಾನರು ಸಯಾಮಿನಿಂದ ಬರ್ಮಾಕ್ಕೆ 415 ಕಿಲೋಮೀಟರು ರೈಲು ಹಾದಿ ಹಾಕಿಸಿದ್ದು ಆಗಲೇ. 1942ರಲ್ಲಿ ಶುರು, 1943ರ ಅಕ್ಟೋಬರಿಗೆ ಮುಗಿಯಿತು. ಬಿಳಿಯ ಯುದ್ಧಕೈದಿಗಳು 12,000ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. 1957ರಲ್ಲಿ ಅದರ ಮೇಲೆ ಇಂಗ್ಲಿಷ್ ಸಿನಿಮಾ ಬಂತು, ಕ್ವಾಯ್ ನದಿಯ ಸೇತುವೆ. ಹರಿದ ಬೂಟಿನ ಕೈದಿಗಳು ಕರ್ನಲ್ ಬೋಗಿಯನ್ನು ಶಿಳ್ಳೆ ಹಾಕುತ್ತಾ ಬರುತ್ತಾರೆ. ಬ್ಯಾಂಡ್ ಮೇಷ್ಟ್ರ ಹಾಡು ಎರಡನೇ ಸಲ ಲೋಕವನ್ನು ಸುತ್ತಿತು.

ಆದರೆ ಗೆಳೆಯರೇ, ಆ ರೈಲು ಹಾದಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಬಿಳಿಯರಲ್ಲ. ಮಲಯಾದ ರಬ್ಬರ್ ತೋಟಗಳಿಂದ ಹಿಡಿದು ತಂದ ತಮಿಳು ಕೂಲಿಗಳು, ಬರ್ಮಾದವರು, ಮಲಯರು, ಜಾವಾದವರು. ಎಷ್ಟು ಜನ ಸತ್ತರು ಅಂತ ಯಾರೂ ಸರಿಯಾಗಿ ಎಣಿಸಲಿಲ್ಲ. ಅಂದಾಜುಗಳು 70,000ದಿಂದ ಒಂದು ಲಕ್ಷದವರೆಗೂ ಹೋಗುತ್ತವೆ. ಆ ತಮಿಳು ಕೂಲಿಗಳಲ್ಲಿ ಬಹಳ ಮಂದಿ ನಮ್ಮ ಹಾಗೇ ಊರ ಹೊರಗಿನ ಕೇರಿಯಿಂದ, ಜೀತ ಮತ್ತು ಬರದಿಂದ ತಪ್ಪಿಸಿಕೊಳ್ಳಲು ಹಡಗು ಹತ್ತಿದವರು. ಬಿಳಿಯ ಸೋಲ್ಜರನಿಗೆ ಅಲ್ಲಿ ಹೆಸರು ಕೆತ್ತಿದ ಗೋರಿ ಇದೆ, ಹುಲ್ಲು ಕತ್ತರಿಸುವವರಿದ್ದಾರೆ. ಕೂಲಿಗೆ ಗುಂಡಿ. ಸಿನಿಮಾದಲ್ಲೂ ಅವನ ಕತೆಯಿಲ್ಲ. ಅವನು ಯಾವ ಹಾಡು ಗುನುಗುತ್ತಿದ್ದ ಅಂತ ಯಾವ ನಿರ್ದೇಶಕನೂ ಕೇಳಲಿಲ್ಲ.

ಮೇಷ್ಟ್ರು 1944ರಲ್ಲಿ ನಿವೃತ್ತನಾಗಿ, 1945ರ ಮೇ 15ರಂದು ತೀರಿಕೊಂಡ. ಯುರೋಪಿನಲ್ಲಿ ಯುದ್ಧ ಮುಗಿದು ಒಂದು ವಾರವಾಗಿತ್ತು.

5

ಇನ್ನು ನಮ್ಮ ಡೋಲಿಗೆ ಬರೋಣ.

ದಂಡಿನ ಶಾಲೆ ಒಬ್ಬ ಅನಾಥನನ್ನು ಮೇಷ್ಟ್ರು ಮಾಡಿತು ಅಂದೆವಲ್ಲ, ಅಂಥದೇ ಇನ್ನೊಂದು ಶಾಲೆಯಲ್ಲಿ ನಮ್ಮವರೂ ಒಬ್ಬರು ಮೇಷ್ಟ್ರಾಗಿದ್ದರು. ಬಾಬಾಸಾಹೇಬ ಅಂಬೇಡ್ಕರರ ತಂದೆ ಸುಬೇದಾರ್ ರಾಮ್‌ಜಿ ಸಕ್ಪಾಲರು ಸೇನೆಯ ಶಾಲೆಯೊಂದರ ಹೆಡ್ ಮಾಸ್ತರರು. ಊರಿನ ಶಾಲೆಯ ಬಾಗಿಲು ಮುಚ್ಚಿದ್ದಾಗ ಮಹಾರರಿಗೆ ಅಕ್ಷರ ಸಿಕ್ಕಿದ್ದು ದಂಡಿನಲ್ಲಿ. ಹಾಗಂತ ಬ್ರಿಟಿಷರಿಗೆ ಆರತಿ ಎತ್ತಬೇಕಾಗಿಲ್ಲ. 1892ರ ಹೊತ್ತಿಗೆ ಯುದ್ಧವೀರ ಜಾತಿ ಎಂಬ ಸುಳ್ಳು ಶಾಸ್ತ್ರ ಕಟ್ಟಿ ಮಹಾರರನ್ನು ಸೇನೆಗೆ ಸೇರಿಸುವುದನ್ನೇ ನಿಲ್ಲಿಸಿದರು. ಒಂದನೇ ಮಹಾಯುದ್ಧದಲ್ಲಿ ಸಾಯಲು ಜನ ಬೇಕಾದಾಗ 1917ರಲ್ಲಿ ಮತ್ತೆ ಒಂದು ಪಡೆ ಕಟ್ಟಿದರು, ಯುದ್ಧ ಮುಗಿದ ಮೇಲೆ ಬರ್ಖಾಸ್ತು ಮಾಡಿದರು. ಎರಡನೇ ಯುದ್ಧದಲ್ಲಿ, 1941ರ ಅಕ್ಟೋಬರಿನಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ನು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಬೇಕಾದಾಗ ಕರೆ, ಬೇಡವಾದಾಗ ಹೊರಗೆ ಹಾಕು. ಈ ತಾಳ ನಮಗೆ ಹೊಸದಲ್ಲ.

ತುಳುನಾಡಿನ ಕೊರಗರ ಡೋಲನ್ನು ನೋಡಿ. ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವ ಈ ಜನರಿಗೆ ಒಂದು ಕಾಲದಲ್ಲಿ ಹುಬಾಶಿಕ ಎಂಬ ರಾಜನಿದ್ದ, ಅವರೇ ಈ ಸೀಮೆ ಆಳಿದರು ಅಂತ ಐತಿಹ್ಯವಿದೆ. ಆಳಿದವರನ್ನು ಆಮೇಲೆ ಆಳಾಗಿಸಿದರು. ಕಂಬಳದ ಹಿಂದಿನ ರಾತ್ರಿ ಪನಿ ಕುಲ್ಲುನಿ ಅಂತ ಕೊರಗರನ್ನು ಕೂರಿಸುತ್ತಿದ್ದರು. ಇಬ್ಬನಿಯಲ್ಲಿ ಕೂತು ಬೆಳಗಿನವರೆಗೆ ಡೋಲು ಬಡಿಯಬೇಕು, ಹಾಡಬೇಕು. ಬೆಳಗಾದರೆ ಕೋಣಗಳಿಗೂ ಮುಂಚೆ ಗದ್ದೆಯಲ್ಲಿ ಅವರನ್ನು ಓಡಿಸುತ್ತಿದ್ದರು. ಕೆಸರಿನಲ್ಲಿ ಗಾಜೋ ಮುಳ್ಳೋ ಇದ್ದರೆ ಮೊದಲು ಚುಚ್ಚಬೇಕಾದ್ದು ಮನುಷ್ಯನ ಕಾಲಿಗೆ, ಆಮೇಲೆ ಕೋಣದ ಕಾಲಿಗಲ್ಲ! ಮೇಲಿನವರ ರೋಗ ಇಳಿಯಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಇದಕ್ಕೆಲ್ಲಾ ಒಂದೇ ಹೆಸರು, ಅಜಲು. ಕರ್ನಾಟಕ ಸರ್ಕಾರ ಅಜಲು ನಿಷೇಧ ಕಾಯಿದೆ ತಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಆದ ಮೇಲೆ.

ಬ್ಯಾಂಡ್ ಮೇಷ್ಟ್ರ ಡೋಲೂ ತೊಗಲು, ಕೊರಗನ ಡೋಲೂ ತೊಗಲು. ವ್ಯತ್ಯಾಸ ಎಲ್ಲಿದೆ? ಒಂದು, ಮೇಷ್ಟ್ರ ಸ್ವರ ಕಾಗದದ ಮೇಲೆ ಇತ್ತು. ಕೊರಗನ ತಾಳ ಕೈಯಿಂದ ಕೈಗೆ ಬಂತು, ಅವನನ್ನು ಅಕ್ಷರದಿಂದ ದೂರ ಇಟ್ಟ ಸಮಾಜ ಅದನ್ನು ಬರೀ ಸದ್ದು ಅಂದಿತು. ಎರಡು, ಮೇಷ್ಟ್ರಿಗೆ ಸಂಬಳ ಇತ್ತು, ನಿವೃತ್ತಿ ಇತ್ತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೇಷ್ಟ್ರು ಬಾರಿಸಿದ್ದು ಸೇರಿದ ಕೆಲಸಕ್ಕಾಗಿ. ಕೊರಗ, ಹೊಲೆಯ, ಮಾದಿಗ ಬಾರಿಸಿದ್ದು ಹುಟ್ಟಿದ ತಪ್ಪಿಗಾಗಿ. ಬಾರಿಸುವುದಿಲ್ಲ ಅನ್ನುವ ಹಕ್ಕು ಅವರಿಗಿರಲಿಲ್ಲ.

ನಮ್ಮ ಚಳವಳಿಯೊಳಗೆ ಇದರ ಬಗ್ಗೆ ಎರಡು ಮಾತಿದೆ. ಡೋಲು, ತಮಟೆ ನಮ್ಮ ದಾಸ್ಯದ ಗುರುತು, ಅದನ್ನು ಹೊಳೆಗೆ ಎಸೆಯಬೇಕು ಅನ್ನುವ ಹಿರಿಯರಿದ್ದಾರೆ. ಸಾವಿನ ಮನೆಗೆ ಬಡಿಯುವುದಿಲ್ಲ ಅಂದದ್ದಕ್ಕೆ ನೀರು, ಕೂಲಿ, ಅಂಗಡಿ ಸಾಮಾನು ಎಲ್ಲವನ್ನೂ ಕಳೆದುಕೊಂಡ ಕೇರಿಗಳು ಈ ನಾಡಿನಲ್ಲಿವೆ. ಆ ಹಿರಿಯರ ಮಾತು ಹಗುರವಲ್ಲ. ಇನ್ನೊಂದು ಕಡೆ, ಅದು ನಮ್ಮ ಕಲೆ, ಅದನ್ನೇ ಹೋರಾಟದ ಮುಂದೆ ಬಡಿಯೋಣ ಅನ್ನುವ ತರುಣರಿದ್ದಾರೆ. 2023ರಲ್ಲಿ ಚಿಕ್ಕಬಳ್ಳಾಪುರ ಸೀಮೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಇದು ಸಣ್ಣ ಸಂಗತಿಯಲ್ಲ, ಹೆಸರೇ ಇಲ್ಲದ ಒಂದು ಕೈಗೆ ಹೆಸರು ಬಂತು.

ನಮ್ಮಲ್ಲಿ ಕೆಲವರ ಅಪ್ಪಂದಿರು ಸಾವಿನ ಮನೆಯ ಮುಂದೆ ಬಡಿದ ಕೂಲಿಯಿಂದಲೇ ನಮ್ಮ ಪರೀಕ್ಷೆಯ ಫೀಸು ಕಟ್ಟಿದವರು. ಆ ಡೋಲನ್ನು ನಾವು ಹೀನ ಅನ್ನಲಾರೆವು. ಮಗನೂ ಅದನ್ನೇ ಬಡಿಯಲಿ ಅಂತ ಕಾಯುತ್ತಿದ್ದ ಊರನ್ನು ಕ್ಷಮಿಸಲೂ ಆರೆವು. ನಮ್ಮ ಮಾತು ಇಷ್ಟೇ: ತಪ್ಪು ತೊಗಲಿನದಲ್ಲ, ಬಲವಂತದ್ದು. ಬಡಿಯುತ್ತೇನೆ ಅನ್ನುವುದು ಕಲೆಯಾಗಬೇಕಾದರೆ, ಬಡಿಯುವುದಿಲ್ಲ ಅನ್ನುವುದು ಮೊದಲು ಹಕ್ಕಾಗಬೇಕು. ಆ ಹಕ್ಕು ಕಾಯಿದೆಯ ಪುಸ್ತಕದಿಂದ ಗದ್ದೆಯ ಬದುವಿಗೆ, ಸಾವಿನ ಮನೆಯ ಅಂಗಳಕ್ಕೆ ಇಳಿದು ಬರುವವರೆಗೂ ಪ್ರಶಸ್ತಿ ಫಲಕಗಳ ಹೊಳಪಿಗೆ ನಾವು ಮೋಸಹೋಗಬಾರದು.

ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ, ಓದುವ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ನಿಮ್ಮ ಊರಿನಲ್ಲಿ ಡೋಲು, ತಮಟೆ, ಹಲಗೆ ಬಡಿದ ಮುದುಕರು ಇನ್ನೂ ಇದ್ದರೆ ಈ ಭಾನುವಾರವೇ ಹೋಗಿ ಕೂತುಕೊಳ್ಳಿ. ಯಾವ ಕೈ, ಯಾವ ಪೆಟ್ಟು, ಯಾರಿಂದ ಕಲಿತರು, ಎಷ್ಟು ಕೊಟ್ಟರು, ಯಾವತ್ತು ಬೇಡ ಅಂದರು, ಬೇಡ ಅಂದಾಗ ಏನಾಯಿತು, ಎಲ್ಲಾ ಬರೆದುಕೊಳ್ಳಿ. ಎಲ್ಲಕ್ಕಿಂತ ಮೊದಲು ಹಾಳೆಯ ಮೇಲ್ಗಡೆ ಅವರ ಪೂರ್ತಿ ಹೆಸರು ಬರೆಯಿರಿ.